ಎಚ್ಚರಗೊಂಡ ಕಂಪ್ಯೂಟರ್ ಯಾರ ಕೈಯಲ್ಲಿದೆ?

2013ರ ಅಕ್ಟೋಬರ್ 1, ಮಂಗಳವಾರ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಗ್ಲೆನ್ ಪಾರ್ಕ್ ಬಡಾವಣೆಯ ಸಾರ್ವಜನಿಕ ಗ್ರಂಥಾಲಯಕ್ಕೆ ಮಧ್ಯಾಹ್ನ ಮೂರರ ಸುಮಾರಿಗೆ ಇಪ್ಪತ್ತೊಂಬತ್ತು ವರ್ಷದ ಯುವಕನೊಬ್ಬ ಬಂದ. ವೈಜ್ಞಾನಿಕ ಕಾದಂಬರಿಗಳ ಕಪಾಟಿನ ಬಳಿ ಮೇಜಿಗೆ ಕುಳಿತು ಲ್ಯಾಪ್‌ಟಾಪ್ ತೆರೆದು ಕೆಲಸ ಶುರು ಮಾಡಿದ. ತುಸು ಹೊತ್ತಿನಲ್ಲಿ ಅವನ ಬೆನ್ನ ಹಿಂದೆ ಒಬ್ಬ ಗಂಡಸು, ಒಬ್ಬ ಹೆಂಗಸು ಏರುದನಿಯಲ್ಲಿ ಜಗಳಕ್ಕೆ ಬಿದ್ದರು. ಏನಾಯಿತೆಂದು ಅವನು ತಿರುಗಿದ. ಅಷ್ಟರಲ್ಲಿ ಇತ್ತ ಲ್ಯಾಪ್‌ಟಾಪನ್ನು ಮುಚ್ಚಗೊಡದೆ ಎಳೆದುಕೊಂಡಾಗಿತ್ತು. ಜಗಳವಾಡಿದವರು, ಎಳೆದುಕೊಂಡವರು ಎಲ್ಲರೂ ಎಫ್‌ಬಿಐ ಸಿಬ್ಬಂದಿ. ಯುವಕನ ಹೆಸರು ರಾಸ್ ಉಲ್ಬ್ರಿಕ್ಟ್. ಮಾದಕ ವಸ್ತುಗಳ ದೊಡ್ಡ ಆನ್‌ಲೈನ್ ಸಂತೆ ‘ಸಿಲ್ಕ್ ರೋಡ್’ ನಡೆಸುತ್ತಿದ್ದವನು.

ಒಬ್ಬನನ್ನು ಬಂಧಿಸಲು ಅಷ್ಟೊಂದು ಶಕ್ತಿಯ ಸಂಸ್ಥೆಗೆ ನಾಟಕ ಏಕೆ ಬೇಕಾಯಿತು? ಬಂದೂಕಿತ್ತು, ಜನಬಲವಿತ್ತು, ಕಾನೂನಿನ ಅಧಿಕಾರವಿತ್ತು. ಇಲ್ಲದಿದ್ದದ್ದು ಅವನ ಪಾಸ್‌ವರ್ಡ್ ಮಾತ್ರ. ಆ ಲ್ಯಾಪ್‌ಟಾಪ್‌ನ ಡಿಸ್ಕ್‌ನಲ್ಲಿದ್ದುದೆಲ್ಲ ಗೂಢಲಿಪಿಯಲ್ಲಿತ್ತು. ಅವನು ಒಮ್ಮೆ ಮುಚ್ಚಳ ಕೆಡವಿಬಿಟ್ಟಿದ್ದರೆ, ಅದನ್ನು ಮತ್ತೆ ತೆರೆದವರಿಗೆ ಸಿಗುತ್ತಿದ್ದುದು ಪಾಸ್‌ವರ್ಡ್ ಕೇಳುವ ಒಂದು ಖಾಲಿ ಚೌಕ. ತೆರೆದೇ ಸಿಕ್ಕಿದ್ದರಿಂದ ಅವನ ದಿನಚರಿ, ಲೆಕ್ಕಪತ್ರ, ಸಂತೆಯ ಆಡಳಿತದ ಪುಟ ಎಲ್ಲವೂ ಬಿಚ್ಚಿಟ್ಟ ಹಾಗೆಯೇ ಸಿಕ್ಕಿತು. ಯಂತ್ರ ನಿದ್ರೆಗೆ ಜಾರದಂತೆ ನೋಡಿಕೊಳ್ಳುತ್ತ ಪರದೆಯ ಮೇಲಿದ್ದುದನ್ನೆಲ್ಲ ಅಧಿಕಾರಿಗಳು ಫೋಟೊ ತೆಗೆದರು. 2015ರಲ್ಲಿ ಉಲ್ಬ್ರಿಕ್ಟ್‌ಗೆ ಜೀವಾವಧಿ ಶಿಕ್ಷೆಯಾಯಿತು. 2025ರ ಜನವರಿಯಲ್ಲಿ ಅಧ್ಯಕ್ಷರ ಕ್ಷಮಾದಾನ ಸಿಕ್ಕಿ ಹೊರಬಂದ.

ಅಪರಾಧದ ಕಥೆಯನ್ನು ಅಲ್ಲಿಗೆ ಬಿಡೋಣ. ಒಂದು ದೇಶದ ತನಿಖಾ ಸಂಸ್ಥೆ ಆ ದಿನ ಅಂಜಿದ್ದು ಒಂದೇ ಒಂದು ಸೆಟ್ಟಿಂಗ್‌ಗೆ: ನಿದ್ರೆಯಿಂದೆದ್ದ ಕಂಪ್ಯೂಟರ್ ಪಾಸ್‌ವರ್ಡ್ ಕೇಳಬೇಕೋ ಬೇಡವೋ ಎಂಬುದಕ್ಕೆ. ನಮ್ಮಲ್ಲಿ ಎಷ್ಟೋ ಜನ ಕಿರಿಕಿರಿ ಎಂದುಕೊಂಡು ಅದನ್ನೇ ಆಫ್ ಮಾಡಿ ಕುಳಿತಿದ್ದಾರೆ. ಹೊಸ ಲ್ಯಾಪ್‌ಟಾಪ್ ಕೊಂಡ ವಾರದೊಳಗೆ, ಗೊತ್ತಿರುವ ಹುಡುಗನೊಬ್ಬನನ್ನು ಕರೆದು, ‘ಪದೇ ಪದೇ ಪಾಸ್‌ವರ್ಡ್ ಕೇಳ್ತದಪ್ಪ, ತೆಗೆದುಬಿಡು’ ಎನ್ನುವ ಹಿರಿಯರನ್ನು ನೀವೂ ಕಂಡಿರುತ್ತೀರಿ. ಹುಡುಗ ತೆಗೆದುಕೊಡುತ್ತಾನೆ. ಏನನ್ನು ತೆಗೆದೆ ಎಂದು ಅವನೂ ಹೇಳುವುದಿಲ್ಲ, ಇವರೂ ಕೇಳುವುದಿಲ್ಲ.

ಮಲಗಿದ ಯಂತ್ರದೊಳಗೆ

ಲ್ಯಾಪ್‌ಟಾಪ್ ಮುಚ್ಚಿದರೆ ‘ಆಫ್’ ಆಯಿತು ಎಂದುಕೊಳ್ಳುವುದು ಸಹಜ. ಪರದೆ ಕಪ್ಪಾಗುತ್ತದೆ, ಫ್ಯಾನಿನ ಸದ್ದು ನಿಲ್ಲುತ್ತದೆ. ಒಳಗಿನ ಸ್ಥಿತಿ ಮಾತ್ರ ಬೇರೆ. ಸ್ಲೀಪ್ ಎಂದರೆ ಪ್ರೊಸೆಸರ್, ಪರದೆ, ಡಿಸ್ಕ್ ಮುಂತಾದವುಗಳ ವಿದ್ಯುತ್ತನ್ನು ಕಡಿತ ಮಾಡಿ ಮೆಮೊರಿಯನ್ನು ಮಾತ್ರ ಜೀವಂತವಾಗಿಟ್ಟಿರುವ ಸ್ಥಿತಿ. ನೀವು ಅರ್ಧಕ್ಕೆ ಬಿಟ್ಟ ಪತ್ರ, ತೆರೆದಿಟ್ಟ ಹತ್ತಾರು ಟ್ಯಾಬ್, ಮೇಲ್‌ಗೆ ಒಳಹೊಕ್ಕ ಗುರುತು, ಡಿಸ್ಕ್‌ನ ಗೂಢಲಿಪಿ ಬಿಡಿಸುವ ಕೀಲಿ ಎಲ್ಲವೂ ಆ ಮೆಮೊರಿಯಲ್ಲಿ ಇದ್ದಂತೆಯೇ ಇರುತ್ತವೆ. ಅದರಿಂದಲೇ ಮುಚ್ಚಳ ಎತ್ತಿದ ಎರಡು ಕ್ಷಣದಲ್ಲಿ ಬಿಟ್ಟ ಜಾಗದಿಂದ ಕೆಲಸ ಮುಂದುವರಿಸಬಹುದು.

ಮೆಮೊರಿ ಚಿಪ್‌ನಲ್ಲಿ ಒಂದೊಂದು ಬಿಟ್ ಮಾಹಿತಿಯೂ ಅತಿ ಸಣ್ಣ ವಿದ್ಯುತ್ ಸಂಗ್ರಾಹಕವೊಂದರಲ್ಲಿ ನಿಂತಿರುತ್ತದೆ. ಸಣ್ಣ ತೂತಿರುವ ಕೊಡದಿಂದ ನೀರು ಒಸರುವ ಹಾಗೆ ಅದರಿಂದ ವಿದ್ಯುತ್ತು ಸೋರುತ್ತಲೇ ಇರುತ್ತದೆ. ಆದ್ದರಿಂದ ಯಂತ್ರ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ, ಎಂದರೆ ಸೆಕೆಂಡಿಗೆ ಹದಿನೈದು ಸಲಕ್ಕೂ ಹೆಚ್ಚು, ಎಲ್ಲ ಕೊಡಗಳನ್ನೂ ಓದಿ ಮತ್ತೆ ತುಂಬಿಸುತ್ತದೆ. ನಿದ್ರೆಯಲ್ಲಿರುವಾಗಲೂ ಈ ತುಂಬುವ ಕೆಲಸ ನಿಲ್ಲುವುದಿಲ್ಲ. ಮುಚ್ಚಿಟ್ಟ ಲ್ಯಾಪ್‌ಟಾಪ್‌ನ ಬ್ಯಾಟರಿ ಎರಡು ದಿನ ಬಿಟ್ಟು ನೋಡಿದಾಗ ಇಳಿದಿರುವುದಕ್ಕೆ ಇದೂ ಒಂದು ಕಾರಣ.

ನಿದ್ರೆಯ ಈ ಬಗೆಗಳಿಗೆಲ್ಲ ಒಂದು ನಿಯಮಾವಳಿ ಸಿಕ್ಕಿದ್ದು 1996ರಲ್ಲಿ. ಇಂಟೆಲ್, ಮೈಕ್ರೊಸಾಫ್ಟ್, ತೋಷಿಬಾ ಸೇರಿ ಎಸಿಪಿಐ ಎಂಬ ಮಾನದಂಡ ರೂಪಿಸಿದವು. ಅದರಲ್ಲಿ ಎಸ್3 ಎಂದರೆ ಈಗ ಹೇಳಿದ ನಿದ್ರೆ. ಎಸ್4 ಎಂದರೆ ಹೈಬರ್ನೇಟ್: ಮೆಮೊರಿಯಲ್ಲಿದ್ದುದನ್ನೆಲ್ಲ ಡಿಸ್ಕ್‌ಗೆ ಬರೆದಿಟ್ಟು ವಿದ್ಯುತ್ತನ್ನು ಪೂರ್ತಿ ನಿಲ್ಲಿಸುವುದು. ಎದ್ದೇಳಲು ಹೆಚ್ಚು ಹೊತ್ತು ಹಿಡಿಯುತ್ತದೆ, ಆದರೆ ಮೆಮೊರಿಯಲ್ಲಿ ಏನೂ ಉಳಿಯುವುದಿಲ್ಲ. ಈಚಿನ ಹಲವು ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್3 ಕೂಡ ಇಲ್ಲ. ಅದರ ಜಾಗಕ್ಕೆ ‘ಮಾಡರ್ನ್ ಸ್ಟ್ಯಾಂಡ್‌ಬೈ’ ಬಂದಿದೆ. ಇದು ಫೋನಿನ ನಿದ್ರೆಯ ಜಾತಿಯದು. ಪರದೆ ಆರಿದ್ದರೂ ಯಂತ್ರ ಆಗಾಗ ಅರೆ ಎಚ್ಚರಗೊಂಡು ಸಣ್ಣಪುಟ್ಟ ಕೆಲಸ ಮುಗಿಸಿಕೊಳ್ಳುತ್ತದೆ.

ಹಾಗಾದರೆ ಏಳುವಾಗ ಕೇಳುವ ಪಾಸ್‌ವರ್ಡ್ ಏನು ಮಾಡುತ್ತದೆ? ಅದು ನಿಮ್ಮನ್ನು ಹೊಸದಾಗಿ ಲಾಗಿನ್ ಮಾಡಿಸುವುದಿಲ್ಲ. ನೀವು ಒಳಗೇ ಇದ್ದೀರಿ, ನಿಮ್ಮ ಪ್ರೋಗ್ರಾಂಗಳೂ ಹಿಂದೆ ಬದುಕಿವೆ. ಎದುರಿಗೆ ನಿಂತವರು ನೀವೇ ಹೌದೇ ಎಂದು ಯಂತ್ರ ಇನ್ನೊಮ್ಮೆ ಕೇಳುತ್ತದೆ, ಅಷ್ಟೆ. ಸೈನ್ ಔಟ್‌ಗೂ ಲಾಕ್‌ಗೂ ಇರುವ ವ್ಯತ್ಯಾಸ ಇದೇ. ಸೈನ್ ಔಟ್ ಆದರೆ ತೆರೆದದ್ದೆಲ್ಲ ಮುಚ್ಚಿಹೋಗುತ್ತದೆ, ಲಾಕ್ ಆದರೆ ಏನೂ ಮುಚ್ಚುವುದಿಲ್ಲ. ಪಾಸ್‌ವರ್ಡ್ ಇಟ್ಟರೆ ಡೌನ್‌ಲೋಡ್ ನಿಂತುಹೋಗುತ್ತದೆ, ಟೈಪ್ ಮಾಡಿದ್ದು ಅಳಿಸಿಹೋಗುತ್ತದೆ ಎಂಬ ಹೆದರಿಕೆ ಹಲವರಿಗಿದೆ. ಲಾಕ್‌ನಿಂದ ಹಾಗೆ ಏನೂ ಆಗುವುದಿಲ್ಲ. ಡೌನ್‌ಲೋಡ್ ನಿಲ್ಲುವುದು ಯಂತ್ರ ನಿದ್ರೆಗೆ ಹೋದರೆ. ಪಾಸ್‌ವರ್ಡ್ ಇದ್ದರೂ ಇಲ್ಲದಿದ್ದರೂ ಅದು ನಿಲ್ಲುತ್ತದೆ.

ಪಾಸ್‌ವರ್ಡ್ ಇಲ್ಲದೆ ಎದ್ದ ಯಂತ್ರ ಎದುರಿಗೆ ಸಿಕ್ಕವರಿಗೆ ಏನೇನನ್ನು ಒಪ್ಪಿಸುತ್ತದೆ ಎಂಬುದನ್ನು ನಿಧಾನವಾಗಿ ಲೆಕ್ಕ ಹಾಕಬೇಕು. ಬ್ಯಾಂಕಿನ ಪುಟ ಕೆಲವೇ ನಿಮಿಷದಲ್ಲಿ ತಾನಾಗಿ ಲಾಗ್ ಔಟ್ ಆಗುತ್ತದೆ, ನಿಜ. ಮೇಲ್ ಹಾಗಲ್ಲ. ಬ್ರೌಸರ್‌ನಲ್ಲಿ ಉಳಿದ ಒಂದು ಸಣ್ಣ ಗುರುತಿನಿಂದ ಅದು ತಿಂಗಳುಗಟ್ಟಲೆ ತೆರೆದೇ ಇರುತ್ತದೆ, ಪಾಸ್‌ವರ್ಡ್ ಮತ್ತೆ ಕೇಳುವುದಿಲ್ಲ. ಮೇಲ್ ಸಿಕ್ಕಿತೆಂದರೆ ಉಳಿದ ಎಷ್ಟೋ ಖಾತೆಗಳು ಸಿಕ್ಕಂತೆಯೇ, ಏಕೆಂದರೆ ‘ಪಾಸ್‌ವರ್ಡ್ ಮರೆತಿರಾ?’ ಎಂದು ಒತ್ತಿದರೆ ಹೊಸ ಪಾಸ್‌ವರ್ಡ್‌ನ ದಾರಿ ಬರುವುದು ಆ ಮೇಲ್‌ಗೇ. ವಾಟ್ಸ್‌ಆ್ಯಪ್ ವೆಬ್ ಇನ್ನೊಂದು. ಮೊದಲಾದರೆ ಫೋನ್ ಆನ್‌ಲೈನ್‌ನಲ್ಲಿದ್ದರೆ ಮಾತ್ರ ಅದು ಕೆಲಸ ಮಾಡುತ್ತಿತ್ತು. 2021ರಿಂದ ಈಚೆಗೆ ಫೋನ್ ಮನೆಯಲ್ಲಿದ್ದು ಸ್ವಿಚ್ ಆಫ್ ಆಗಿದ್ದರೂ ಕಂಪ್ಯೂಟರ್‌ನಲ್ಲಿ ಸಂದೇಶಗಳು ಬಂದು ಬೀಳುತ್ತಿರುತ್ತವೆ. ಇವುಗಳ ಜೊತೆಗೆ ಬ್ರೌಸರ್ ನೆನಪಿಟ್ಟುಕೊಂಡ ಪಾಸ್‌ವರ್ಡ್‌ಗಳು, ಡ್ರೈವ್‌ನಲ್ಲಿಟ್ಟ ಆಧಾರ್, ಪ್ಯಾನ್ ಪ್ರತಿಗಳು, ಮಕ್ಕಳ ಫೋಟೊಗಳು. ಇವುಗಳಲ್ಲಿ ಒಂದನ್ನೂ ಯಾರೂ ಭೇದಿಸಬೇಕಾಗಿಲ್ಲ. ಮುಚ್ಚಳ ಎತ್ತಿದರೆ ಸಾಕು.

ಹಂಚಿಕೊಂಡ ಯಂತ್ರದಿಂದ ಸ್ವಂತ ಯಂತ್ರಕ್ಕೆ

ಕಂಪ್ಯೂಟರ್‌ಗೆ ಪಾಸ್‌ವರ್ಡ್ ಬಂದದ್ದು ಕಳ್ಳರಿಗೆ ಹೆದರಿ ಅಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಟೊ ಮತ್ತು ಸಂಗಡಿಗರು ಒಂದೇ ದೊಡ್ಡ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ಸಿಟಿಎಸ್‌ಎಸ್ ವ್ಯವಸ್ಥೆ ಕಟ್ಟಿದರು. ಒಬ್ಬೊಬ್ಬರಿಗೆ ಬೇರೆ ಬೇರೆ ಕಡತ, ಬೇರೆ ಬೇರೆ ಸಮಯದ ಪಾಲು. ಯಾರು ಯಾರೆಂದು ಯಂತ್ರಕ್ಕೆ ಗೊತ್ತಾಗಬೇಕಲ್ಲ, ಅದಕ್ಕಾಗಿ ಪಾಸ್‌ವರ್ಡ್. ಅದು ಬಂದ ಬೆನ್ನಿಗೇ ಮುರಿದೂ ಬಿತ್ತು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ತನ್ನ ಪಾಲಿನ ಸಮಯ ಸಾಲದೆ ಬಂತು. ರಂಧ್ರ ಕೊರೆದ ಕಾರ್ಡಿನ ಮೂಲಕ ಕೋರಿಕೆ ಸಲ್ಲಿಸಿ ಎಲ್ಲರ ಪಾಸ್‌ವರ್ಡ್ ಇದ್ದ ಕಡತವನ್ನೇ ಮುದ್ರಿಸಿಕೊಂಡ. ದಶಕಗಳ ನಂತರ ಅವನೇ ಅದನ್ನು ಬಹಿರಂಗವಾಗಿ ಹೇಳಿದ.

ಆಮೇಲೆ ಬಂದ ಪರ್ಸನಲ್ ಕಂಪ್ಯೂಟರ್ ಒಬ್ಬರದೇ ಯಂತ್ರ. 1981ರ ಐಬಿಎಂ ಪಿಸಿಯನ್ನು ಆನ್ ಮಾಡಿದವರೇ ಅದರ ಒಡೆಯರು, ಅದು ಯಾರನ್ನೂ ಏನೂ ಕೇಳುತ್ತಿರಲಿಲ್ಲ. 1984ರ ಪಿಸಿ-ಎಟಿ ಮಾದರಿಯ ಮುಂಭಾಗದಲ್ಲಿ ನಿಜವಾದ ಲೋಹದ ಕೀಲಿಕೈಯೊಂದಿತ್ತು, ತಿರುಗಿಸಿದರೆ ಕೀಬೋರ್ಡ್ ಕೆಲಸ ನಿಲ್ಲಿಸುತ್ತಿತ್ತು. ವಿಂಡೋಸ್ 95 ಲಾಗಿನ್ ಪುಟವನ್ನೇನೋ ತೋರಿಸಿತು, ಆದರೆ ಎಸ್ಕೇಪ್ ಕೀ ಒತ್ತಿದರೆ ಸೀದಾ ಒಳಗೆ ಬಿಡುತ್ತಿತ್ತು. ನಮ್ಮಲ್ಲಿ ಬಹಳಷ್ಟು ಮನೆ, ಅಂಗಡಿ, ಕಚೇರಿಗಳಿಗೆ ಕಂಪ್ಯೂಟರ್ ಬಂದದ್ದು ಆ ಕಾಲದಲ್ಲಿ. ‘ನಮ್ಮ ಸಿಸ್ಟಮ್, ನಮಗೇ ಯಾಕೆ ಪಾಸ್‌ವರ್ಡ್’ ಎಂಬ ಮನೋಭಾವಕ್ಕೆ ಆಗಿನಿಂದ ಬಂದ ಅಭ್ಯಾಸವೂ ಕಾರಣ ಎಂದು ನನಗೆ ತೋರುತ್ತದೆ. ಆಗ ಯಂತ್ರದೊಳಗೆ ಇದ್ದದ್ದು ಕೆಲವು ಪತ್ರ, ಒಂದೆರಡು ಲೆಕ್ಕದ ಹಾಳೆ. ಈಗ ಅದೇ ಮೇಜಿನ ಮೇಲೆ ಇಡೀ ಬದುಕಿನ ದಾಖಲೆಗಳಿವೆ. ಅಭ್ಯಾಸ ಮಾತ್ರ ಬದಲಾಗಿಲ್ಲ.

ದೂರದವರಲ್ಲ, ಹತ್ತಿರದವರು

ಕಂಪ್ಯೂಟರ್ ಸುರಕ್ಷತೆ ಎಂದ ಕೂಡಲೇ ನಮ್ಮ ಕಣ್ಣೆದುರು ಬರುವುದು ಎಲ್ಲೋ ವಿದೇಶದಲ್ಲಿ ಕುಳಿತ ಹ್ಯಾಕರ್. ನಿದ್ರೆಯಿಂದೆದ್ದಾಗ ಕೇಳುವ ಪಾಸ್‌ವರ್ಡ್‌ಗೆ ಅವನ ವಿಷಯದಲ್ಲಿ ಹೆಚ್ಚೇನೂ ಮಾಡಲಾಗದು. ಅವನು ಬರುವುದು ಮೋಸದ ಲಿಂಕ್, ಕದ್ದ ಪಾಸ್‌ವರ್ಡ್, ನಕಲಿ ಆ್ಯಪ್‌ಗಳ ಮೂಲಕ. ಈ ಪಾಸ್‌ವರ್ಡ್ ತಡೆಯುವುದು ಕೈಗೆಟುಕುವ ದೂರದಲ್ಲಿ ಇರುವವರನ್ನು. ಪಿಜಿಯಲ್ಲಿ ಪಕ್ಕದ ಮಂಚದವರು, ಹಾಸ್ಟೆಲ್‌ನಲ್ಲಿ ಕೋಣೆಗೆ ಬಂದವರು, ಊಟಕ್ಕೆ ಎದ್ದಾಗ ಮೇಜಿನ ಬಳಿ ಸುಳಿದವರು, ರಿಪೇರಿಗೆ ಕೊಟ್ಟ ಅಂಗಡಿಯವರು, ಬಸ್ಸಿನಲ್ಲಿ ಮರೆತ ಬ್ಯಾಗು ಸಿಕ್ಕವರು. ಬಹುಪಾಲು ಒಳ್ಳೆಯವರೇ. ಕೆಟ್ಟವರು ಒಬ್ಬರೇ ಆದರೂ ಅವರಿಗೆ ಬೇಕಾದ ಸಮಯ ಎರಡು ನಿಮಿಷ.

ಇದರಲ್ಲಿ ಹೆಣ್ಣುಮಕ್ಕಳ ಪಾಲಿನ ಅಪಾಯ ಬೇರೆಯೇ. ಬಿಟ್ಟುಹೋದ ಗೆಳೆಯ, ಅನುಮಾನದ ಗಂಡ, ಹಿಂದೆ ಬಿದ್ದ ಸಹೋದ್ಯೋಗಿ, ಇವರಲ್ಲಿ ಯಾರಿಗೂ ಹ್ಯಾಕಿಂಗ್ ಬರಬೇಕಿಲ್ಲ. ತೆರೆದ ಲ್ಯಾಪ್‌ಟಾಪ್‌ನಿಂದ ಒಂದು ಫೋಟೊ ತನ್ನ ಫೋನಿಗೆ ಕಳಿಸಿಕೊಂಡರೆ, ಮೇಲ್‌ನಲ್ಲಿ ಬಂದುದೆಲ್ಲ ತನಗೂ ಬರುವಂತೆ ಫಾರ್ವರ್ಡಿಂಗ್ ಇಟ್ಟರೆ, ಲೊಕೇಶನ್ ಹಂಚಿಕೆ ಆನ್ ಮಾಡಿಟ್ಟರೆ ಮುಗಿಯಿತು. ಆಕೆಗೆ ತಿಂಗಳುಗಳ ಕಾಲ ಗೊತ್ತಾಗದೆ ಹೋಗಬಹುದು. ಆದ್ದರಿಂದ ಕಾಲೇಜಿಗೆ ಸೇರುವ ಮಗಳಿಗೆ ಲ್ಯಾಪ್‌ಟಾಪ್ ಕೊಡಿಸುವ ಅಪ್ಪ ಅಮ್ಮ ಬ್ಯಾಗು, ಚಾರ್ಜರ್ ನೋಡುವಷ್ಟೇ ಕಾಳಜಿಯಿಂದ ಈ ಒಂದು ಸೆಟ್ಟಿಂಗ್ ನೋಡಬೇಕು.

ಕಚೇರಿಗಳಲ್ಲಿ ವಿಷಯ ಇನ್ನೊಂದು ತಿರುವು ಪಡೆಯುತ್ತದೆ. ಅಲ್ಲಿ ಕಳವಿಗಿಂತ ಹೊಣೆಗಾರಿಕೆಯ ಪ್ರಶ್ನೆ ದೊಡ್ಡದು. ಕಂಪ್ಯೂಟರ್‌ಗೆ ಮನುಷ್ಯರ ಮುಖ ಗೊತ್ತಿಲ್ಲ, ಯಾರ ಹೆಸರಿನಲ್ಲಿ ಲಾಗಿನ್ ಆಗಿದೆಯೋ ಅವರೇ ಮಾಡಿದ್ದು ಎಂದು ದಾಖಲಿಸುತ್ತದೆ. ನೀವು ಚಹಾಕ್ಕೆ ಹೋದಾಗ ನಿಮ್ಮ ಕುರ್ಚಿಯಲ್ಲಿ ಕುಳಿತು ಇನ್ನೊಬ್ಬರು ಕಳಿಸಿದ ಮೇಲ್, ತಿದ್ದಿದ ಅಂಕಪಟ್ಟಿ, ಒಪ್ಪಿಗೆ ಕೊಟ್ಟ ಬಿಲ್ ಎಲ್ಲಕ್ಕೂ ದಾಖಲೆಯಲ್ಲಿ ಇರುವುದು ನಿಮ್ಮ ಹೆಸರು. ‘ನಾನಲ್ಲ’ ಎಂದು ಸಾಧಿಸುವ ಹೊರೆ ನಿಮ್ಮ ತಲೆಗೆ.

ಇದನ್ನು ಕರ್ನಾಟಕದಲ್ಲಿ ಬಹಳ ಮೊದಲೇ ಅರ್ಥ ಮಾಡಿಕೊಂಡವರಿದ್ದರು. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರ್‌ಗೆ ತಂದ ‘ಭೂಮಿ’ ಯೋಜನೆಯಲ್ಲಿ, ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಹೋಗುವ ವ್ಯವಸ್ಥೆ ಇತ್ತು. ಯಾವ ಬದಲಾವಣೆಯನ್ನು ಯಾರು ಮಾಡಿದರು ಎಂಬುದು ಉಳಿಯಬೇಕು, ನಾಳೆ ಯಾರೂ ಅದನ್ನು ಅಲ್ಲಗಳೆಯುವಂತಿರಬಾರದು ಎಂಬುದು ಅದರ ಉದ್ದೇಶ. ಒಬ್ಬ ರೈತನ ಜಮೀನು ಯಾರ ಹೆಸರಿನಲ್ಲಿದೆ ಎಂಬುದನ್ನು ಹೇಳುವ ಕಾಗದಕ್ಕೆ ಅಷ್ಟು ಎಚ್ಚರ ಬೇಕೇ ಬೇಕು. ಆದರೆ ಇಂಥ ಯಾವ ಏರ್ಪಾಡಿಗೂ ಒಂದು ಮಿತಿ ಇದೆ. ಬೆರಳಚ್ಚು ಕೊಟ್ಟು ಒಳಹೋದವರು ಯಂತ್ರವನ್ನು ಹಾಗೆಯೇ ತೆರೆದಿಟ್ಟು ಎದ್ದು ಹೋದರೆ, ಮುಂದಿನ ಕೆಲಸಕ್ಕೆ ಆ ಬೆರಳಚ್ಚಿನ ಬೆಲೆ ಸೊನ್ನೆ. ಡಿಜಿಟಲ್ ಸಹಿಯ ಡಾಂಗಲ್ ಚುಚ್ಚಿಟ್ಟುಕೊಂಡೇ ಊಟಕ್ಕೆ ಏಳುವ ಅಧಿಕಾರಿಗಳು, ಲೆಕ್ಕಪರಿಶೋಧಕರು ಇದನ್ನು ಎರಡು ಸಲ ಯೋಚಿಸಬೇಕು. ಸಹಿ ಮಾಡುವ ಪೆನ್ನನ್ನು ಯಾರು ಬೇಕಾದರೂ ಬಳಸಬಹುದು, ಸಹಿಯನ್ನೇ ಮೇಜಿನ ಮೇಲೆ ಬಿಟ್ಟು ಹೋಗುವುದು ಬೇರೆ.

ಕಾನೂನೂ ಇದೆ. ಮಾಲೀಕರ ಅನುಮತಿ ಇಲ್ಲದೆ ಇನ್ನೊಬ್ಬರ ಕಂಪ್ಯೂಟರ್ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಸೆಕ್ಷನ್ ಪ್ರಕಾರ ತಪ್ಪು. ಇನ್ನೊಬ್ಬರ ಪಾಸ್‌ವರ್ಡ್ ಅಥವಾ ಡಿಜಿಟಲ್ ಸಹಿಯನ್ನು ಮೋಸದಿಂದ ಬಳಸಿದರೆ 66ಸಿ ಸೆಕ್ಷನ್‌ನಂತೆ 3 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೊಂದು ಬದಿಯಿಂದ ಬರುತ್ತದೆ. ಜನರ ಮಾಹಿತಿ ಇಟ್ಟುಕೊಂಡ ಸಂಸ್ಥೆ ಅದನ್ನು ಕಾಯಲು ತಕ್ಕ ಕ್ರಮ ಕೈಗೊಳ್ಳದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ರೋಗಿಗಳ ವಿವರ ತುಂಬಿದ ಕ್ಲಿನಿಕ್ಕಿನ ಕಂಪ್ಯೂಟರ್, ಸದಸ್ಯರ ಖಾತೆಗಳಿರುವ ಸೊಸೈಟಿಯ ಕಂಪ್ಯೂಟರ್ ಮುಟ್ಟಿದವರಿಗೆಲ್ಲ ತೆರೆದುಕೊಳ್ಳುತ್ತದೆ ಎಂದರೆ ಅದು ತಕ್ಕ ಕ್ರಮ ಎಂದು ಯಾರೂ ವಾದಿಸಲಾರರು.

ಈ ಪಾಸ್‌ವರ್ಡ್‌ನ ಮಿತಿ

ಲಾಕ್ ಆದ ಪರದೆ ಅಭೇದ್ಯ ಎಂದು ನಾನು ಹೇಳುತ್ತಿಲ್ಲ. 2021ರ ಜನವರಿಯಲ್ಲಿ ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್ ಬಳಸುವ ತಂದೆಯೊಬ್ಬರು ವಿಚಿತ್ರವಾದ ದೂರು ಸಲ್ಲಿಸಿದರು. ಅವರ ಮಕ್ಕಳು ಆಟಕ್ಕೆಂದು ಲಾಕ್ ಆಗಿದ್ದ ಕಂಪ್ಯೂಟರ್‌ನ ಕೀಬೋರ್ಡನ್ನೂ ಪರದೆಯ ಮೇಲಿನ ಕೀಬೋರ್ಡನ್ನೂ ಒಟ್ಟಿಗೆ ಸಿಕ್ಕಾಪಟ್ಟೆ ಒತ್ತಿದಾಗ ಲಾಕ್ ತೆರೆದುಕೊಂಡಿತ್ತು. ಅಭಿವೃದ್ಧಿಕಾರರು ಹುಡುಕಿದಾಗ, ಪರದೆಯ ಕೀಬೋರ್ಡಿನಲ್ಲಿ ಒಂದು ವಿಶೇಷ ಅಕ್ಷರ ಒತ್ತಿದರೆ ಪ್ರೋಗ್ರಾಂ ಕುಸಿಯುತ್ತದೆ, ಅದರೊಂದಿಗೆ ಲಾಕ್ ಕೂಡ ಕುಸಿಯುತ್ತದೆ ಎಂದು ಗೊತ್ತಾಯಿತು. ಕೆಲವೇ ದಿನಗಳಲ್ಲಿ ಸರಿಪಡಿಸಿದರು. 1992ರಿಂದ ಎಕ್ಸ್‌ಸ್ಕ್ರೀನ್‌ಸೇವರ್ ಎಂಬ ಪರದೆ ಲಾಕ್ ಮಾಡುವ ಪ್ರೋಗ್ರಾಂ ಬರೆಯುತ್ತ ಬಂದಿರುವ ಜೇಮಿ ಜಾವಿನ್‌ಸ್ಕಿ ಇಂಥ ಅಪಾಯದ ಬಗ್ಗೆ ವರ್ಷಗಳಿಂದ ಎಚ್ಚರಿಸುತ್ತಲೇ ಇದ್ದರು. ಲಾಕ್ ಮಾಡುವ ಪ್ರೋಗ್ರಾಂ ಕುಸಿದರೆ ಹಿಂದಿನ ಪರದೆ ಬಯಲಾಗುವಂಥ ರಚನೆಯಲ್ಲಿ, ಆ ಪ್ರೋಗ್ರಾಂಗೆ ಅಲಂಕಾರ ಸೇರಿಸಿದಷ್ಟೂ ಕುಸಿಯುವ ಸಾಧ್ಯತೆ ಹೆಚ್ಚು ಎಂಬುದು ಅವರ ವಾದ. ಅದು ನಿಜವೆಂದು ಮಕ್ಕಳ ಕೈ ತೋರಿಸಿಕೊಟ್ಟಿತು.

ಇದಕ್ಕಿಂತ ಗಂಭೀರವಾದದ್ದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಲೆಕ್ಸ್ ಹಾಲ್ಡರ್‌ಮನ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದ್ದು. ವಿದ್ಯುತ್ ಹೋದ ಕೂಡಲೇ ಮೆಮೊರಿ ಖಾಲಿಯಾಗುತ್ತದೆ ಎಂದು ಎಲ್ಲರೂ ನಂಬಿದ್ದರು. ಈ ತಂಡ ಧೂಳು ಊದುವ ಗಾಳಿ ಡಬ್ಬಿಯನ್ನು ತಲೆಕೆಳಗು ಹಿಡಿದು ಮೆಮೊರಿ ಚಿಪ್ ಮೇಲೆ ಸಿಂಪಡಿಸಿ ಅದನ್ನು ಮೈನಸ್ 50 ಡಿಗ್ರಿ ಸೆಲ್ಸಿಯಸ್‌ವರೆಗೆ ತಣಿಸಿತು. ಆಗ ವಿದ್ಯುತ್ ತೆಗೆದು ಹತ್ತು ನಿಮಿಷವಾದರೂ ಅಳಿದ ಮಾಹಿತಿ ಶೇ 1ಕ್ಕಿಂತ ಕಡಿಮೆ. ಚಿಪ್ ಕಿತ್ತು ಬೇರೆ ಯಂತ್ರಕ್ಕೆ ಹಾಕಿ, ಡಿಸ್ಕ್‌ನ ಗೂಢಲಿಪಿಯ ಕೀಲಿಯನ್ನೇ ಓದಿದರು. ಹತ್ತು ವರ್ಷದ ನಂತರ, 2018ರಲ್ಲಿ, ಫಿನ್ಲೆಂಡ್ ಮೂಲದ ಎಫ್-ಸೆಕ್ಯೂರ್ ಕಂಪನಿಯ ಸಂಶೋಧಕರು ಅದೇ ದಾರಿ ಆಧುನಿಕ ಲ್ಯಾಪ್‌ಟಾಪ್‌ಗಳಲ್ಲೂ ತೆರೆದಿದೆ ಎಂದು ತೋರಿಸಿ, ನಿದ್ರೆಯ ಬದಲು ಹೈಬರ್ನೇಟ್ ಅಥವಾ ಶಟ್‌ಡೌನ್ ಮಾಡಿ ಎಂದರು. 2020ರಲ್ಲಿ ನೆದರ್‌ಲೆಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದ ಬ್ಯೋರ್ನ್ ರೌಟೆನ್‌ಬರ್ಗ್ ಥಂಡರ್‌ಬೋಲ್ಟ್ ಪೋರ್ಟಿನ ದೋಷವನ್ನು ಬಳಸಿ, ಸ್ಕ್ರೂಡ್ರೈವರ್ ಮತ್ತು ಸಣ್ಣ ಉಪಕರಣದಿಂದ, ಲಾಕ್ ಆಗಿ ಮಲಗಿದ್ದ ಯಂತ್ರವನ್ನು ಸುಮಾರು ಐದು ನಿಮಿಷದಲ್ಲಿ ತೆರೆದರು.

ಇದನ್ನೆಲ್ಲ ಓದಿ, ‘ಹಾಗಿದ್ದರೆ ಪಾಸ್‌ವರ್ಡ್ ಇಟ್ಟು ಏನು ಪ್ರಯೋಜನ’ ಎನ್ನುವವರಿದ್ದಾರೆ. ಆ ತರ್ಕವನ್ನು ನಾನು ಒಪ್ಪುವುದಿಲ್ಲ. ಚಿಪ್ ತಣಿಸಿ ಕೀಲಿ ಓದುವ ತಯಾರಿಯಿಂದ ಬರುವವರು ಕೋಟಿಗೊಬ್ಬರು. ಮುಚ್ಚಳ ಎತ್ತಿ ನೋಡುವ ಕುತೂಹಲದವರು ಪ್ರತಿ ಕೋಣೆಯಲ್ಲೂ ಇದ್ದಾರೆ. ಈ ಸಂಶೋಧನೆಗಳಿಂದ ನಾವು ಕಲಿಯಬೇಕಾದದ್ದು ಬೇರೆ: ಮಾಹಿತಿ ಸೂಕ್ಷ್ಮವಾಗಿದ್ದು, ಲ್ಯಾಪ್‌ಟಾಪ್ ಪ್ರಯಾಣಕ್ಕೆ ಹೊರಟಿದ್ದರೆ, ರೈಲು ಹತ್ತುವ ಮೊದಲು ಅದನ್ನು ಪೂರ್ತಿ ಶಟ್‌ಡೌನ್ ಮಾಡಿ. ವಕೀಲರು, ಪತ್ರಕರ್ತರು, ವೈದ್ಯರು, ಪ್ರಶ್ನೆಪತ್ರಿಕೆ ಸಿದ್ಧಪಡಿಸುವ ಅಧ್ಯಾಪಕರು ಇದನ್ನು ನಿಯಮವಾಗಿಸಿಕೊಳ್ಳಬೇಕು.

ಕಿರಿಕಿರಿ ಕಡಿಮೆ ಮಾಡುವ ಬಗೆ

ಜನ ಪಾಸ್‌ವರ್ಡ್ ತೆಗೆದುಹಾಕುವುದು ಅಜ್ಞಾನದಿಂದಲ್ಲ, ಬೇಸತ್ತು. ದಿನಕ್ಕೆ ಹತ್ತಾರು ಸಲ ಉದ್ದನೆಯ ಪಾಸ್‌ವರ್ಡ್ ಟೈಪ್ ಮಾಡಿ ಎಂದರೆ ಯಾರಾದರೂ ಬೇಸರಪಡುತ್ತಾರೆ. ಅದಕ್ಕೆ ಈಗ ಒಳ್ಳೆಯ ಪರಿಹಾರಗಳಿವೆ. 2015ರಲ್ಲಿ ವಿಂಡೋಸ್ 10ರ ಜೊತೆ ಬಂದ ‘ವಿಂಡೋಸ್ ಹಲೋ’ದಲ್ಲಿ ಪಿನ್, ಬೆರಳಚ್ಚು, ಮುಖ ಯಾವುದರಿಂದಲೂ ತೆರೆಯಬಹುದು. ನಾಲ್ಕಾರು ಅಂಕಿಯ ಪಿನ್ ಎಂದರೆ ದುರ್ಬಲವಲ್ಲವೇ ಎಂದು ಕೇಳುವವರಿಗೆ ಉತ್ತರ ಹೀಗೆ. ಪಾಸ್‌ವರ್ಡ್ ಕದ್ದವರು ಅದನ್ನು ಜಗತ್ತಿನ ಯಾವ ಮೂಲೆಯಿಂದಲೂ ಬಳಸಬಹುದು, ಪಿನ್ ಕೆಲಸ ಮಾಡುವುದು ಆ ಒಂದೇ ಯಂತ್ರದಲ್ಲಿ. ಅದನ್ನು ಕಾಯುವುದು ಟಿಪಿಎಂ ಎಂಬ ಭದ್ರತಾ ಚಿಪ್. ಪದೇ ಪದೇ ತಪ್ಪು ಪಿನ್ ಹಾಕಿದರೆ ಅದು ಇನ್ನಷ್ಟು ಪ್ರಯತ್ನಕ್ಕೆ ಅವಕಾಶ ಕೊಡುವುದಿಲ್ಲ. 1234, ಹುಟ್ಟಿದ ವರ್ಷ, ಸ್ಕೂಟರ್ ನಂಬರ್ ಬೇಡ, ಅಷ್ಟೆ. ಬೆರಳಚ್ಚಿನ ಸೌಲಭ್ಯ ಇರುವ ಲ್ಯಾಪ್‌ಟಾಪ್‌ನಲ್ಲಂತೂ ಕಿರಿಕಿರಿಯ ಮಾತೇ ಉಳಿಯುವುದಿಲ್ಲ.

ಪಾಸ್‌ವರ್ಡೇ ಬೇಕೆನ್ನುವವರು ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ ಬರೆಯಲಿ. ನೆನಪಿಡಲು ಸುಲಭ, ಊಹಿಸಲು ಕಷ್ಟ. ಗಾದೆ, ಹಾಡಿನ ಸಾಲು, ಮನೆದೇವರ ಹೆಸರು ಬೇಡ, ಅವು ಬಂಧುಗಳಿಗೆಲ್ಲ ಗೊತ್ತು.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಮಾತ್ರ ಬರುವ ಒಂದು ತೊಡಕಿದೆ. ವಿಂಡೋಸ್‌ನ ಕನ್ನಡ ಕೀಬೋರ್ಡ್ ಬಳಸುತ್ತಿದ್ದಾಗ ಲಾಕ್ ಆದರೆ, ಎದ್ದಮೇಲೆ ಪಾಸ್‌ವರ್ಡ್ ಚೌಕದಲ್ಲೂ ಕನ್ನಡವೇ ಉಳಿದಿರಬಹುದು. ಅಲ್ಲಿ ಅಕ್ಷರಗಳ ಬದಲು ಚುಕ್ಕಿ ಮಾತ್ರ ಕಾಣುವುದರಿಂದ ಸರಿಯಾಗಿಯೇ ಒತ್ತಿದ್ದೂ ತಪ್ಪು ಎಂದು ಬರುತ್ತದೆ. ಪಾಸ್‌ವರ್ಡ್ ಮರೆತುಹೋಯಿತು ಎಂದು ಗಾಬರಿಯಾಗಿ ಅದನ್ನು ತೆಗೆಸಿಬಿಟ್ಟವರಲ್ಲಿ ಕೆಲವರ ನಿಜವಾದ ಸಮಸ್ಯೆ ಇದೇ ಇದ್ದೀತು. ಪರದೆಯ ಕೆಳಗಿನ ಬಲಮೂಲೆಯಲ್ಲಿ ಭಾಷೆಯ ಗುರುತಿರುತ್ತದೆ. ಅದನ್ನು ಇಂಗ್ಲಿಷ್‌ಗೆ ಬದಲಿಸಿ, ಕ್ಯಾಪ್ಸ್ ಲಾಕ್ ನೋಡಿಕೊಂಡರೆ ಸಾಕು.

ಇನ್ನು ಮನೆಯ ಮಾತು. ‘ಮನೆಯವರಿಂದ ಮುಚ್ಚಿಡುವುದು ಏನಿದೆ’ ಎಂಬ ಆಕ್ಷೇಪಕ್ಕೆ ನಾನು ಬೆಲೆ ಕೊಡುತ್ತೇನೆ. ಅದಕ್ಕೆ ಪರಿಹಾರ ಪಾಸ್‌ವರ್ಡ್ ತೆಗೆಯುವುದಲ್ಲ, ಒಬ್ಬೊಬ್ಬರಿಗೂ ಬೇರೆ ಅಕೌಂಟ್ ಮಾಡಿಕೊಡುವುದು. ‘ಅಜ್ಜ, ಗೇಮ್ ಆಡ್ಲಾ?’ ಎಂದು ಬರುವ ಮೊಮ್ಮಗ ತನ್ನ ಅಕೌಂಟ್‌ನಲ್ಲಿ ಆಡಿಕೊಳ್ಳಲಿ. ಅಜ್ಜನ ಪಿಂಚಣಿ ಕಾಗದವೂ ಅಳಿಯುವುದಿಲ್ಲ, ಮೊಮ್ಮಗನ ಆಟವೂ ಕೆಡುವುದಿಲ್ಲ. ತನಗೇನಾದರೂ ಆದರೆ ಮನೆಯವರು ಹೇಗೆ ತೆರೆಯಬೇಕು ಎಂಬ ಚಿಂತೆಯೂ ನ್ಯಾಯವಾದದ್ದೇ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಆಸ್ತಿಪತ್ರಗಳಿರುವ ಬೀರುವಿನಲ್ಲಿ ಇಟ್ಟು, ಹೆಂಡತಿಗೋ ಗಂಡನಿಗೋ ಮಕ್ಕಳಿಗೋ ತಿಳಿಸಿ. ಸುರಕ್ಷತಾ ತಜ್ಞ ಬ್ರೂಸ್ ಷ್ನೈಯರ್ 2005ರಲ್ಲೇ, ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ, ಬೆಲೆಬಾಳುವ ಕಾಗದಗಳನ್ನು ಕಾಯುವುದು ನಮಗೆ ಚೆನ್ನಾಗಿ ಗೊತ್ತಿರುವ ಕೆಲಸ ಎಂಬರ್ಥದ ಸಲಹೆ ಕೊಟ್ಟಿದ್ದರು. ಬರೆದ ಚೀಟಿಯನ್ನು ಮಾನಿಟರ್‌ಗೆ ಅಂಟಿಸಬೇಡಿ ಎಂಬುದೊಂದೇ ಷರತ್ತು. ಹಾಡು ಕೇಳಲು ಮಾತ್ರ ಬಳಸುವ, ಮೇಲ್ ಆಗಲಿ ಖಾತೆಯಾಗಲಿ ಇಲ್ಲದ ಹಳೆಯ ಕಂಪ್ಯೂಟರ್‌ಗೆ ಪಾಸ್‌ವರ್ಡ್ ಇಲ್ಲದಿದ್ದರೂ ನಡೆಯುತ್ತದೆ.

ಸೆಟ್ಟಿಂಗ್ ಎಲ್ಲಿದೆ? ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು, ಅಕೌಂಟ್ಸ್, ಅದರಲ್ಲಿ ಸೈನ್-ಇನ್ ಆಪ್ಷನ್ಸ್‌ಗೆ ಹೋಗಿ. ನೀವು ಎದ್ದುಹೋಗಿ ಬಂದಾಗ ಯಾವಾಗ ಮತ್ತೆ ಸೈನ್-ಇನ್ ಕೇಳಬೇಕು ಎಂಬ ಪ್ರಶ್ನೆ ಇರುತ್ತದೆ. ಕೆಲವು ಯಂತ್ರಗಳಲ್ಲಿ ನಿದ್ರೆಯಿಂದ ಎದ್ದಾಗ ಎಂದು, ಕೆಲವುಗಳಲ್ಲಿ ಪ್ರತಿ ಸಲ, 1 ನಿಮಿಷ, 3 ನಿಮಿಷ ಎಂದು ಆಯ್ಕೆಗಳಿವೆ. ‘ನೆವರ್’ ಎಂದಿದ್ದರೆ ಬದಲಿಸಿ. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ಲಾಕ್ ಸ್ಕ್ರೀನ್ ಭಾಗದಲ್ಲಿ, ಪರದೆ ಆರಿದ ಎಷ್ಟು ಹೊತ್ತಿಗೆ ಪಾಸ್‌ವರ್ಡ್ ಬೇಕು ಎಂಬುದಿದೆ. ‘ಇಮ್ಮೀಡಿಯೆಟ್ಲಿ’ ಆಯ್ದುಕೊಳ್ಳಿ. ಅಲ್ಲಿ ಐದು ನಿಮಿಷ, ಒಂದು ಗಂಟೆ ಎಂಬ ಬಿಡುವೂ ಸಿಗುತ್ತದೆ. ಆ ಬಿಡುವು ನಿಮಗೆ ಸಿಕ್ಕಷ್ಟೇ ಬೇರೆಯವರಿಗೂ ಸಿಗುತ್ತದೆ ಎಂಬುದು ನೆನಪಿರಲಿ. ಲಿನಕ್ಸ್‌ನ ಗ್ನೋಮ್ ಬಳಸುವವರಿಗೆ ಇದು ಪ್ರೈವೆಸಿ ವಿಭಾಗದಲ್ಲಿ ಸ್ಕ್ರೀನ್ ಲಾಕ್ ಎಂಬ ಹೆಸರಿನಲ್ಲಿದೆ.

ಒಂದು ಸಂಗತಿ ಬಿಟ್ಟುಹೋಗಬಾರದು. ಈ ಸೆಟ್ಟಿಂಗ್ ಕೆಲಸ ಮಾಡುವುದು ಯಂತ್ರ ಮಲಗಿದರೆ ಅಥವಾ ಪರದೆ ಆರಿದರೆ ಮಾತ್ರ. ಅರ್ಧ ಗಂಟೆಯ ನಂತರ ಮಲಗುವಂತೆ ಇಟ್ಟಿದ್ದರೆ ಆ ಅರ್ಧ ಗಂಟೆ ಅದು ತೆರೆದೇ ಇರುತ್ತದೆ. ಆದ್ದರಿಂದ ಎದ್ದು ಹೋಗುವಾಗ ಕೈಯಾರೆ ಲಾಕ್ ಮಾಡುವುದು ಎಲ್ಲಕ್ಕಿಂತ ಒಳ್ಳೆಯದು. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಮತ್ತು ಎಲ್, ಮ್ಯಾಕ್‌ನಲ್ಲಿ ಕಂಟ್ರೋಲ್, ಕಮಾಂಡ್ ಮತ್ತು ಕ್ಯೂ. ಒಂದು ವಾರ ಮಾಡಿದರೆ ಬೆರಳಿಗೆ ರೂಢಿಯಾಗುತ್ತದೆ.

ಇದನ್ನು ಓದಿ ಮುಗಿಸಿದ ಮೇಲೆ ನಿಮ್ಮ ಲ್ಯಾಪ್‌ಟಾಪ್ ಮುಚ್ಚಿ, ಒಂದು ನಿಮಿಷ ಬಿಟ್ಟು ತೆರೆದು ನೋಡಿ. ಏನನ್ನೂ ಕೇಳದೆ ನಿಮ್ಮ ಮೇಲ್ ಕಾಣಿಸಿದರೆ ಸೆಟ್ಟಿಂಗನ್ನು ಇವತ್ತೇ ಬದಲಿಸಿ. ಮನೆಯಲ್ಲಿ ವಯಸ್ಸಾದವರ ಕಂಪ್ಯೂಟರ್ ಇದ್ದರೆ ಅವರ ಪಕ್ಕದಲ್ಲಿ ಕುಳಿತು, ಏನು ಮಾಡುತ್ತಿದ್ದೀರೆಂದು ಹೇಳುತ್ತ, ಅದನ್ನೂ ಬದಲಿಸಿಕೊಡಿ.